ಬಿಡಾರದ ಸಾಮಾನು ಮತ್ತು ಲಾರಿಯ ಉದ್ದ: ಕಾಯಿದೆ ಏನನ್ನುತ್ತದೆ?

ಹೊರನಾಡಿನಲ್ಲಿ ದುಡಿಯುವ ನಮ್ಮವರಿಗೆ ಬಿಡಾರ ಎತ್ತುವ ಕೆಲಸ ತಪ್ಪಿದ್ದಲ್ಲ. ಮಕ್ಕಳ ಪರೀಕ್ಷೆ ಮುಗಿದು ಏಪ್ರಿಲ್-ಮೇ ಬಂತೆಂದರೆ ಒಬ್ಬರಿಗೆ ವರ್ಗ, ಇನ್ನೊಬ್ಬರಿಗೆ ನಿವೃತ್ತಿ, ಮತ್ತೊಬ್ಬರಿಗೆ ಕಟ್ಟಡದ ಗುತ್ತಿಗೆ ಮುಗಿದು ಊರಿಗೆ ಹೊರಡುವ ಯೋಚನೆ. ಆ ದಿನಗಳಲ್ಲಿ ನಮ್ಮ ವಾಚನಾಲಯದ ಮೇಜಿನ ಸುತ್ತ ಪತ್ರಿಕೆಯ ಸುದ್ದಿಗಿಂತ ಲಾರಿ ಬಾಡಿಗೆಯ ಮಾತೇ ಹೆಚ್ಚು. ಬಾಡಿಗೆ ಎಷ್ಟೆಂದು ಎಲ್ಲರೂ ವಿಚಾರಿಸುತ್ತಾರೆ. ಲಾರಿಯ ಉದ್ದವೆಷ್ಟು, ಅದರೊಳಗೆ ನಮ್ಮ ಸಾಮಾನು ಕಾಯಿದೆಗೆ ಒಪ್ಪುವಂತೆ ಹಿಡಿಸೀತೇ ಎಂದು ವಿಚಾರಿಸುವವರು ವಿರಳ.

ಈ ವಿಚಾರವನ್ನು ಅಲಕ್ಷಿಸುವುದು ಒಳ್ಳೆಯದಲ್ಲ. ಸಾಮಾನು ಲಾರಿಯ ಮೈಯಿಂದ ಹೊರಗೆ ಚಾಚಿಕೊಂಡರೆ ಈಗಿನ ಕಾಯಿದೆಯ ಪ್ರಕಾರ ದಂಡ ೨೦,೦೦೦ ರೂಪಾಯಿ. ಅದರ ಮೇಲೆ, ಚಾಚಿದ ಮಾಲನ್ನು ಕೆಳಗಿಳಿಸುವ ಖರ್ಚು ಬೇರೆ. ನಮ್ಮಲ್ಲಿ ಎಷ್ಟೋ ಮಂದಿಗೆ ಅದು ಒಂದು ತಿಂಗಳಿಗೂ ಮೀರಿದ ಸಂಪಾದನೆ. ದಂಡ ಲಾರಿಯವನದೆಂದು ಹೇಳಿ ಸುಮ್ಮನಿರುವಂತೆಯೂ ಇಲ್ಲ. ನಡುರಾತ್ರಿ ಗಡಿಯ ಬಳಿ ಗಾಡಿ ನಿಂತರೆ ಪಾತ್ರೆ-ಪಡಗ, ಹಾಸಿಗೆ, ಮಕ್ಕಳ ಪುಸ್ತಕಗಳೆಲ್ಲ ಅಲ್ಲೇ ನಿಲ್ಲುತ್ತವೆ. ಗಾಡಿಯವನು ನಮ್ಮಿಂದಲೇ ವಸೂಲಿಗೆ ನಿಲ್ಲುತ್ತಾನೆ.

ನಾವು ವಕೀಲರಲ್ಲ. ಗಿರಣಿಯ ಮಾಲು ರವಾನೆ ಖಾತೆಯಲ್ಲಿ ಗುಮಾಸ್ತಿಕೆ ಮಾಡುತ್ತ, ಗೇಟಿನಿಂದ ಹೊರಡುವ ಲಾರಿಗಳ ಕಾಗದಪತ್ರ ನೋಡುವುದು ನಮ್ಮ ನಿತ್ಯದ ಕೆಲಸ. ಆ ಕೆಲಸದಿಂದ ತಿಳಿದದ್ದನ್ನು ವಾಚಕ ಬಂಧುಗಳ ಉಪಯೋಗಕ್ಕಾಗಿ ಇಲ್ಲಿ ಕ್ರಮವಾಗಿ ಬರೆದಿದ್ದೇವೆ.

ಉದ್ದದ ನಿಯಮ ಯಾರದು?

ಎಲ್ಲಕ್ಕಿಂತ ಮೊದಲು ಕೇಳಿಬರುವ ಪ್ರಶ್ನೆಯೆಂದರೆ, ಮಹಾರಾಷ್ಟ್ರದಲ್ಲಿ ನಡೆಯುವ ಉದ್ದ ಕರ್ನಾಟಕದಲ್ಲೂ ನಡೆಯುತ್ತದೆಯೇ ಎಂಬುದು. ಗಡಿ ದಾಟಿದೊಡನೆ ನಿಯಮ ಬದಲಾಗುತ್ತದೆ ಎಂಬ ಭಾವನೆ ಹಲವರಲ್ಲಿದೆ. ಇದು ಅರ್ಧ ನಿಜ, ಅರ್ಧ ತಪ್ಪು.

ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಯಾವ ವಿಷಯ ಕೇಂದ್ರಕ್ಕೆ, ಯಾವುದು ರಾಜ್ಯಕ್ಕೆ, ಯಾವುದು ಇಬ್ಬರಿಗೂ ಎಂದು ಮೂರು ಪಟ್ಟಿಗಳಿವೆ. ಯಂತ್ರದಿಂದ ಓಡುವ ವಾಹನಗಳು ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿಯಲ್ಲಿವೆ. ವಾಹನಗಳ ಮೇಲಿನ ತೆರಿಗೆ ಮಾತ್ರ ರಾಜ್ಯದ ಪಟ್ಟಿಯಲ್ಲಿದೆ. ೧೯೩೯ರ ಹಳೆಯ ಮೋಟಾರು ವಾಹನ ಕಾಯಿದೆಯಲ್ಲಿ ಗಾಡಿಯ ಕಟ್ಟೋಣ, ಉದ್ದ, ಅಗಲಗಳ ನಿಯಮ ಮಾಡುವ ಅಧಿಕಾರ ಬಹುಮಟ್ಟಿಗೆ ಪ್ರಾಂತಗಳದಾಗಿತ್ತು. ಅದರ ಸ್ಥಾನದಲ್ಲಿ ಬಂದ ೧೯೮೮ರ ಕಾಯಿದೆಯ ೧೧೦ನೆಯ ಕಲಮು ಗಾಡಿಯ ಉದ್ದ, ಅಗಲ, ಎತ್ತರ, ಹೇರಿದ ಮಾಲಿನ ಅಳತೆ, ಇವುಗಳನ್ನು ಗೊತ್ತುಮಾಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. ಅದರಂತೆ ೧೯೮೯ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳು ಬಂದವು. ಅವುಗಳಲ್ಲಿ ೯೩ನೆಯ ನಿಯಮವೇ ನಮ್ಮ ಈ ಲೇಖನದ ಮುಖ್ಯ ವಸ್ತು.

ಆದ್ದರಿಂದ ಉದ್ದದ ಲೆಕ್ಕ ಮುಂಬಯಿಗೂ ಒಂದೇ, ಹುಬ್ಬಳ್ಳಿಗೂ ಒಂದೇ, ಚೆನ್ನೈ, ಹೈದರಾಬಾದು, ದಿಲ್ಲಿಗಳಿಗೂ ಒಂದೇ. ಕೊಗನೊಳಿಯಲ್ಲಿ ಗಡಿ ದಾಟಿದಾಗ ಲಾರಿಯ ಉದ್ದ ತಪ್ಪಾಗುವುದಿಲ್ಲ. ತಪ್ಪಾಗಿದ್ದರೆ ಅದು ಇಲ್ಲಿಂದ ಹೊರಡುವಾಗಲೇ ತಪ್ಪು. ಗಡಿಯಲ್ಲಿ ಬದಲಾಗುವುದು ತೆರಿಗೆ, ಪರವಾನಗಿಯ ತಪಾಸಣೆ, ಮತ್ತು ಆಯಾ ರಸ್ತೆಯ ಮೇಲೆ ಆಯಾ ರಾಜ್ಯ ಹಾಕಿದ ನಿರ್ಬಂಧ. ಈ ಎರಡನ್ನು ಬೇರೆ ಬೇರೆಯಾಗಿ ತಿಳಿದುಕೊಂಡರೆ ಅರ್ಧ ಗೊಂದಲ ಹರಿದಂತೆ.

ಅಮೇರಿಕೆಯ ಮಾತು ಬೇರೆ. ಅಲ್ಲಿ ಮನೆ ಬದಲಿಸುವ ಎಷ್ಟೋ ಜನ ಸ್ವಂತ ಕಾರಿನ ಹಿಂದೆ ಬಾಡಿಗೆಯ ಟ್ರೇಲರ್ ಸಿಕ್ಕಿಸಿಕೊಂಡು ಒಂದು ಸಂಸ್ಥಾನದಿಂದ ಇನ್ನೊಂದಕ್ಕೆ ಹೋಗುತ್ತಾರೆ. ವಾಹನದ ಉದ್ದವನ್ನು ಗೊತ್ತುಮಾಡುವುದು ಅಲ್ಲಿ ಮೂಲತಃ ಆಯಾ ಸಂಸ್ಥಾನದ ಅಧಿಕಾರ. ಒಂದು ಕಡೆ ನಡೆಯುವ ಜೋಡಿ ಪಕ್ಕದ ಸಂಸ್ಥಾನದಲ್ಲಿ ಅತಿ ಉದ್ದವೆನಿಸಬಹುದು. ಲಾರಿಗಳ ವ್ಯಾಪಾರಕ್ಕೆ ಇದರಿಂದ ಅಡ್ಡಿಯಾಗುತ್ತದೆಂದು ೧೯೮೨ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಕಾಯಿದೆ ಮಾಡಿ, ಮುಖ್ಯ ಹೆದ್ದಾರಿಗಳಲ್ಲಿ ೪೮ ಅಡಿಯ ಸೆಮಿ-ಟ್ರೇಲರನ್ನು ಯಾವ ಸಂಸ್ಥಾನವೂ ತಡೆಯಕೂಡದೆಂದು ವಿಧಿಸಿತು. ಕಾರಿನ ಹಿಂದಿನ ಟ್ರೇಲರುಗಳ ಮಟ್ಟಿಗೆ ಸಂಸ್ಥಾನ ಸಂಸ್ಥಾನಕ್ಕೆ ಭೇದ ಈಗಲೂ ಉಂಟು. ಅಲ್ಲಿರುವ ನಮ್ಮವರು ಹಾದುಹೋಗುವ ಪ್ರತಿಯೊಂದು ಸಂಸ್ಥಾನದ ನಿಯಮ ನೋಡಬೇಕು. ಇಲ್ಲಿರುವ ನಮಗೆ ಆ ತೊಂದರೆ ಇಲ್ಲ. ಒಂದೇ ಅಂಕಿ ನೆನಪಿಟ್ಟರೆ ದೇಶವೆಲ್ಲ ನಡೆಯುತ್ತದೆ.

ಅಂಕಿಗಳು

ಮುಂದಿನ ಹಾಗೂ ಹಿಂದಿನ ಗಾಲಿಗಳೆಲ್ಲ ಒಂದೇ ಚೌಕಟ್ಟಿನ ಮೇಲಿರುವ ಸಾಧಾರಣ ಸರಕು ಲಾರಿಯ ಒಟ್ಟು ಉದ್ದ ೧೨ ಮೀಟರ್ ಮೀರಕೂಡದು. ಅಂದರೆ ಸುಮಾರು ೩೯ ಅಡಿ. ಇದು ಮುಂಭಾಗದ ಬಂಪರಿನಿಂದ ಹಿಂಭಾಗದ ತುದಿಯ ವರೆಗಿನ ಲೆಕ್ಕ. ಮಾಲು ಹೇರುವ ತೊಟ್ಟಿಯ ಲೆಕ್ಕ ಇದಲ್ಲ. ಅಗಲ ೨.೬ ಮೀಟರ್, ಎಂದರೆ ಎಂಟೂವರೆ ಅಡಿ. ಎತ್ತರ ಮೊದಲು ೩.೮ ಮೀಟರ್ ಇತ್ತು. ೨೦೨೦ರ ಜೂನಿನ ತಿದ್ದುಪಡಿಯಲ್ಲಿ ಸರಕು ಲಾರಿಗೆ ೪ ಮೀಟರ್ ಮಾಡಿದರು, ಎಂದರೆ ೧೩ ಅಡಿಗೆ ತುಸು ಹೆಚ್ಚು. ಎಳೆಯುವ ಗಾಡಿ ಮತ್ತು ಅದರ ಹಿಂದಿನ ಟ್ರೇಲರ್ ಸೇರಿದ ಜೋಡಿಗೆ ಹಳೆಯ ನಿಯಮ ೧೮ ಮೀಟರ್ ಹಾಕಿತ್ತು. ಈಗ ಕೆಲವು ಬಗೆಯ ಜೋಡಿಗಳಿಗೆ ೧೮.೭೫ ಮೀಟರಿನ ವರೆಗೆ ಬಿಟ್ಟಿದ್ದಾರೆ.

ಬಿಡಾರದ ಸಾಮಾನಿಗೆ ಇಷ್ಟು ದೊಡ್ಡ ಗಾಡಿ ಬೇಕಾಗುವುದಿಲ್ಲ. ಲಾರಿ ಅಡ್ಡೆಯಲ್ಲಿ ಗಾಡಿಯನ್ನು ಅದರ ತೊಟ್ಟಿಯ ಉದ್ದದಿಂದ ಕರೆಯುತ್ತಾರೆ: ೧೪ ಫೂಟಿನದು, ೧೭ ಫೂಟಿನದು, ೧೯ ಫೂಟಿನದು, ೨೨ ಫೂಟಿನದು ಎಂದು. ಸಣ್ಣ ಟೆಂಪೊಗಳ ತೊಟ್ಟಿ ಏಳೆಂಟು ಅಡಿ. ಇವೆಲ್ಲ ಕಾರ್ಖಾನೆಯಿಂದ ಬರುವಾಗ ೧೨ ಮೀಟರಿನ ಒಳಗೇ ಇರುತ್ತವೆ. ಹಾಗಾದರೆ ತಪ್ಪು ಎಲ್ಲಿ ನಡೆಯುತ್ತದೆ? ತಪ್ಪು ನಡೆಯುವುದು ಮಾಲು ಹೇರುವಾಗ.

ಕೆಂಪು ಬಟ್ಟೆಯ ಭ್ರಮೆ

ಉದ್ದದ ಮಿತಿಯನ್ನು ಸರ್ಕಾರ ಸುಮ್ಮನೆ ಹಾಕಿಲ್ಲ. ಎತ್ತಿನ ಬಂಡಿ ಓಣಿಯ ಮೂಲೆ ತಿರುಗುವುದನ್ನು ನೋಡಿದವರಿಗೆ ಇದು ಗೊತ್ತು. ಎತ್ತುಗಳು ಮೂಲೆ ದಾಟಿದರೂ ಬಂಡಿಯ ಗಾಲಿ ಒಳಗೊಳಗೆ ಬಂದು ಕಟ್ಟೆಯನ್ನು ಉಜ್ಜುತ್ತದೆ. ಲಾರಿಯೂ ಹಾಗೆಯೇ. ಮುಂದಿನ ಗಾಲಿ ಹಿಡಿದ ಜಾಡನ್ನು ಹಿಂದಿನ ಗಾಲಿ ಹಿಡಿಯುವುದಿಲ್ಲ, ಒಳಮೈಯಿಂದ ಕತ್ತರಿಸಿಕೊಂಡು ಬರುತ್ತದೆ. ಮುಂದಿನ ಹಿಂದಿನ ಗಾಲಿಗಳ ನಡುವಿನ ಅಂತರ ಹೆಚ್ಚಿದಷ್ಟೂ ಈ ಕತ್ತರಿಕೆ ಹೆಚ್ಚು. ಹಿಂದಿನ ಗಾಲಿಯಿಂದ ಆಚೆಗೆ ತೂಗುವ ಭಾಗವಾದರೋ ತಿರುವಿನಲ್ಲಿ ಹೊರಮೈಗೆ ಬೀಸುತ್ತದೆ. ಅಲ್ಲಿ ಸೈಕಲ್ಲಿನವನೊಬ್ಬ ನಿಂತಿದ್ದರೆ ಚಾಲಕನಿಗೆ ಕಾಣುವುದೇ ಇಲ್ಲ.

ಈ ಕಾರಣದಿಂದ ೯೩ನೆಯ ನಿಯಮ ಗಾಡಿಯ ಮೈಯಷ್ಟನ್ನೇ ಅಳೆಯದೆ ಮಾಲನ್ನೂ ಅಳೆಯುತ್ತದೆ. ಮಾಲು ಪಕ್ಕಕ್ಕಾಗಲಿ, ಮುಂದಕ್ಕಾಗಲಿ, ಹಿಂದಕ್ಕಾಗಲಿ ಚಾಚಕೂಡದು. ಎತ್ತರದ ಮಿತಿಯನ್ನು ಮೀರಲೂಕೂಡದು. ಹಿಂದೆ ಇದರಲ್ಲಿ ಒಂದು ಸಡಿಲಿಕೆ ಇತ್ತು. ಕಂಬ, ಸಲಾಕೆಗಳಂಥ ಉದ್ದನೆಯ ವಸ್ತು ಹಿಂಭಾಗದಲ್ಲಿ ೧ ಮೀಟರಿನ ವರೆಗೆ ಹೊರಗೆ ಬರಬಹುದಾಗಿತ್ತು. ಅದರ ತುದಿಗೆ ಕೆಂಪು ಬಟ್ಟೆ ಕಟ್ಟಿದರೆ ಎಲ್ಲವೂ ಸರಿಯೆಂಬ ನಂಬಿಕೆ ಬೆಳೆದದ್ದು ಇದರಿಂದಲೇ. ರಾತ್ರಿಯ ವೇಳೆ ನಿಂತ ಲಾರಿಯ ಹಿಂದೆ ಚಾಚಿದ ಕಬ್ಬಿಣದ ಸಲಾಕೆಗಳು ಹಿಂದಿನಿಂದ ಬಂದವರ ಎದೆಗೆ, ಕತ್ತಿಗೆ ಹೊಕ್ಕು ಪ್ರಾಣ ಹೋದ ಪ್ರಸಂಗಗಳು ಅನೇಕ. ಈ ವಿಚಾರ ಸುಪ್ರೀಂ ಕೋರ್ಟಿನ ವರೆಗೆ ಹೋಯಿತು. ೨೦೧೪ರಲ್ಲಿ ಕೇಂದ್ರ ಸರ್ಕಾರ ಆ ಸಡಿಲಿಕೆಯನ್ನೇ ತೆಗೆದುಹಾಕಿತು.

ಆದರೂ ಕೆಂಪು ಬಟ್ಟೆ ಕಟ್ಟಿದ ಲಾರಿಗಳು ರಸ್ತೆಯಲ್ಲಿ ಈಗಲೂ ಕಾಣುತ್ತವೆ. ರಸ್ತೆಯಲ್ಲಿ ಕಾಣುತ್ತದೆ ಎಂದ ಮಾತ್ರಕ್ಕೆ ಅದು ಕಾಯಿದೆಗೆ ಒಪ್ಪಿದ್ದು ಎಂದಾಗುವುದಿಲ್ಲ. ೨೦೧೯ರ ತಿದ್ದುಪಡಿಯಲ್ಲಿ ೧೯೪ನೆಯ ಕಲಮಿಗೆ ಹೊಸ ಉಪಕಲಮು ಸೇರಿಸಿ, ಚಾಚಿದ ಮಾಲಿಗೆಂದೇ ಪ್ರತ್ಯೇಕವಾಗಿ ೨೦,೦೦೦ ರೂಪಾಯಿ ದಂಡ ಇಟ್ಟರು. ಗಾಡಿ ಓಡಿಸುವವನ ಜೊತೆಗೆ ಓಡಿಸುವಂತೆ ಮಾಡಿದವನನ್ನೂ, ಓಡಿಸಲು ಬಿಟ್ಟವನನ್ನೂ ಆ ಕಲಮು ಹೆಸರಿಸುತ್ತದೆ. "ಇದೊಂದು ಕೊಳವೆ ಹೇಗಾದರೂ ಹಾಕಿಕೊಳ್ಳಪ್ಪಾ" ಎಂದು ಚಾಲಕನನ್ನು ಒತ್ತಾಯಿಸುವವರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು. ಸ್ಥಳದಲ್ಲೇ ಕಟ್ಟಿ ಬಿಡಿಸಿಕೊಳ್ಳುವ ಮೊತ್ತವನ್ನು ಆಯಾ ರಾಜ್ಯ ಸರ್ಕಾರ ಆದೇಶದ ಮೂಲಕ ಗೊತ್ತುಮಾಡುತ್ತದೆ. ಎಷ್ಟೇ ಕಟ್ಟಿದರೂ ರಸೀದಿ ಪಡೆಯದೆ ಕಟ್ಟಬಾರದು.

ಲಾರಿಯ ಹಿಂಬಾಗಿಲನ್ನು ಬಿಚ್ಚಿ ಸರಪಳಿಯ ಮೇಲೆ ಅಡ್ಡಲಾಗಿ ಇಳಿಬಿಟ್ಟು, ಅದರ ಮೇಲೆ ಮಂಚವನ್ನೋ ಬೀರುವನ್ನೋ ಕೂರಿಸುವ ರೂಢಿಯೂ ಇದೆ. ಗಾಡಿಯ ಮೈ ಹಿಂಬಾಗಿಲು ಮುಚ್ಚಿದಲ್ಲಿಗೆ ಮುಗಿಯಿತೆಂದು ತಿಳಿಯಬೇಕು. ಇನ್ನು ಕೆಲವರು ತೊಟ್ಟಿಗೆ ಹಲಗೆ ಬೆಸೆದು ಉದ್ದ ಮಾಡಿಸಿರುತ್ತಾರೆ. ನೋಂದಣಿ ಅಧಿಕಾರಿಯ ಒಪ್ಪಿಗೆಯಿಲ್ಲದೆ ಗಾಡಿಯ ರೂಪ ಬದಲಿಸುವುದನ್ನು ಕಾಯಿದೆಯ ೫೨ನೆಯ ಕಲಮು ತಡೆಯುತ್ತದೆ. ಅಂಥ ಗಾಡಿಯ ತಂಟೆಗೆ ಹೋಗದಿರುವುದೇ ಲೇಸು.

ಒಂದು ಲೆಕ್ಕ

ಉದಾಹರಣೆಗಾಗಿ ಸೆಂಟ್ರಿಂಗ್ ಕೆಲಸದ ಒಬ್ಬ ಮೇಸ್ತ್ರಿಯ ಬಿಡಾರವನ್ನು ತೆಗೆದುಕೊಳ್ಳೋಣ. ಮುಂಬಯಿಯಿಂದ ವಿಜಯಪುರದ ಕಡೆಗೆ ಹೋಗಬೇಕು. ಸಾಮಾನಿನಲ್ಲಿ ಆರೂವರೆ ಅಡಿಯ ಉಕ್ಕಿನ ಬೀರು, ಆರೂಕಾಲು ಅಡಿಯ ಮಂಚ, ಹತ್ತು ಅಡಿಯ ಏಣಿ, ಮತ್ತು ಹನ್ನೆರಡು ಕಬ್ಬಿಣದ ಕೊಳವೆಗಳು. ಗೊತ್ತು ಮಾಡಿದ ಗಾಡಿ ೧೭ ಫೂಟಿನದು, ತೊಟ್ಟಿಯ ಅಗಲ ಆರೂವರೆ ಅಡಿ.

ಅಂಗಡಿಯಲ್ಲಿ ದೊರೆಯುವ ಕೊಳವೆ ಸಾಮಾನ್ಯವಾಗಿ ೬ ಮೀಟರಿನದು, ಎಂದರೆ ಸುಮಾರು ೨೦ ಅಡಿ. ನೇರವಾಗಿ ಇಟ್ಟರೆ ಹಿಂದೆ ಮೂರು ಅಡಿ ಚಾಚುತ್ತದೆ. ಅಡ್ಡಮೂಲೆಗೆ ಇಟ್ಟರೋ? ಹದಿನೇಳರ ವರ್ಗ ೨೮೯, ಆರೂವರೆಯ ವರ್ಗ ಸುಮಾರು ೪೨. ಕೂಡಿದರೆ ೩೩೧. ಅದರ ಮೂಲ ೧೮ ಅಡಿ ಎರಡು ಅಂಗುಲದಷ್ಟು. ಇನ್ನೂ ಎರಡು ಅಡಿ ಸಾಲದು. ಒಂದು ತುದಿಯನ್ನು ಆರು ಅಡಿ ಮೇಲಕ್ಕೆತ್ತಿ ಇಟ್ಟರೂ ೧೯ ಅಡಿ ಚಿಲ್ಲರೆಗಿಂತ ಹೆಚ್ಚು ಹಿಡಿಯದು. ಚಾಲಕನ ಕೋಣೆಯ ಮೇಲೆ ಮುಂದಕ್ಕೆ ಚಾಚೋಣವೆಂದರೆ ಅದಕ್ಕೂ ನಿಯಮ ಒಪ್ಪುವುದಿಲ್ಲ. ಹೀಗಾಗಿ ಈ ಹನ್ನೆರಡು ಕೊಳವೆಗಳಿಗಾಗಿ ಇಡೀ ಬಿಡಾರ ದಂಡಕ್ಕೆ ಗುರಿಯಾಗುತ್ತದೆ.

ಇದಕ್ಕೆ ದಾರಿಗಳು ನಾಲ್ಕು. ಒಂದು, ೨೨ ಫೂಟಿನ ಗಾಡಿ ಹಿಡಿದು, ಅದೇ ದಿಕ್ಕಿಗೆ ಹೊರಟ ಮತ್ತೊಂದು ಬಿಡಾರದವರೊಡನೆ ಬಾಡಿಗೆ ಹಂಚಿಕೊಳ್ಳುವುದು. ಎರಡು, ಕೊಳವೆಗಳನ್ನು ಇಲ್ಲಿಯೇ ಮಾರಿ ಊರಲ್ಲಿ ಕೊಳ್ಳುವುದು. ಮೂರು, ಹತ್ತು ಹತ್ತು ಅಡಿಗೆ ಕತ್ತರಿಸಿ ಒಯ್ಯುವುದು. ನಾಲ್ಕು, ಉದ್ದನೆಯ ಮಾಲನ್ನಷ್ಟೇ ಟ್ರಾನ್ಸ್‌ಪೋರ್ಟ್ ಕಚೇರಿಗೆ ಒಪ್ಪಿಸಿ ಚಿಲ್ಲರೆ ಲೋಡಿನಲ್ಲಿ ಕಳಿಸುವುದು. ಹೊರಡುವ ಮುನ್ನಾದಿನ ಅಳೆದಿದ್ದರೆ ಈ ನಾಲ್ಕರಲ್ಲಿ ಒಂದನ್ನು ಆರಿಸಬಹುದು. ಗಾಡಿ ಬಾಗಿಲಿಗೆ ಬಂದ ಮೇಲೆ ಉಳಿಯುವುದು ಕೆಂಪು ಬಟ್ಟೆ ಒಂದೇ.

ಎತ್ತರದ ಲೆಕ್ಕವನ್ನೂ ಹೀಗೆಯೇ ಮಾಡಬೇಕು. ತೊಟ್ಟಿಯ ಹಲಗೆ ನೆಲದಿಂದ ನಾಲ್ಕು ಅಡಿ ಎತ್ತರದಲ್ಲಿದ್ದರೆ, ಹದಿಮೂರರಲ್ಲಿ ಉಳಿದದ್ದು ಒಂಬತ್ತು ಅಡಿ. ನಿಂತ ಬೀರು ಆರೂವರೆ ತೆಗೆದುಕೊಂಡಿತು. ಅದರ ಮೇಲೆ ಎರಡೂವರೆ ಅಡಿಗಿಂತ ಹೆಚ್ಚು ಒಟ್ಟುವಂತಿಲ್ಲ. ರೈಲ್ವೆ ಕೆಳಸೇತುವೆಗಳೂ ತಗ್ಗಿನ ವಿದ್ಯುತ್ ತಂತಿಗಳೂ ಇದಕ್ಕಿಂತ ಕಡಿಮೆ ಎತ್ತರದಲ್ಲಿ ಇರುವುದುಂಟು. ಬೀರುವನ್ನು ಮಲಗಿಸಿ ಒಯ್ಯುವುದೇ ಎಲ್ಲ ವಿಧದಲ್ಲೂ ಸುಖ.

ತೂಕದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಮನೆಯ ಸಾಮಾನು ಜಾಗ ಹೆಚ್ಚು ತಿನ್ನುತ್ತದೆ, ತೂಕ ಕಡಿಮೆ. ಆದರೂ ಕಬ್ಬಿಣ, ಯಂತ್ರ, ಧಾನ್ಯದ ಚೀಲ ಇದ್ದರೆ ಲೆಕ್ಕ ಬೇಕು. ಗಾಡಿಯ ನೋಂದಣಿ ದಾಖಲೆಯಲ್ಲಿ, ಎಂದರೆ ಆರ್.ಸಿ.ಯಲ್ಲಿ, ಒಟ್ಟು ತೂಕ ಮತ್ತು ಖಾಲಿ ತೂಕ ಎಂದು ಎರಡು ಅಂಕಿಗಳಿರುತ್ತವೆ. ಮೊದಲಿನದರಲ್ಲಿ ಎರಡನೆಯದನ್ನು ಕಳೆದರೆ ಉಳಿಯುವುದೇ ಹೇರಬಹುದಾದ ಭಾರ. ಮೀರಿದರೆ ೨೦,೦೦೦ ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ೨,೦೦೦ ರೂಪಾಯಿ ಬೇರೆ. ಹೆಚ್ಚಿನ ಭಾರ ಇಳಿಸದೆ ಗಾಡಿಯನ್ನು ಮುಂದಕ್ಕೆ ಬಿಡುವುದೂ ಇಲ್ಲ.

ಟ್ರೇಲರ್ ಎಂಬುದು ಬೇರೆ ವಾಹನ

ಬೆಳಗಾವಿ, ಕೊಲ್ಹಾಪುರ, ವಿಜಯಪುರದ ಕಡೆಯವರು ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರಿನ ಟ್ರೇಲರಿನಲ್ಲಿಯೇ ಗಂಟುಮೂಟೆ ಹೇರಿಕೊಂಡು ಗಡಿ ದಾಟುತ್ತಾರೆ. ಅವರು ತಿಳಿದಿರಬೇಕಾದ ಮಾತು ಇದು. ಕಾಯಿದೆಯ ೬೧ನೆಯ ಕಲಮಿನ ಪ್ರಕಾರ ಟ್ರೇಲರ್ ತಾನೇ ಒಂದು ವಾಹನದಂತೆ. ಅದಕ್ಕೆ ಸ್ವಂತ ನೋಂದಣಿ ಬೇಕು, ಅದರ ಸಂಖ್ಯೆ ಅದರ ಮೈಮೇಲೆ ಇರಬೇಕು. ಎಳೆಯುವ ಗಾಡಿಯ ಸಂಖ್ಯೆ ಟ್ರೇಲರಿನ ಹಿಂಭಾಗದಲ್ಲಿಯೂ ಕಾಣಬೇಕು, ಏಕೆಂದರೆ ಹಿಂದಿನಿಂದ ನೋಡುವವನಿಗೆ ಟ್ರ್ಯಾಕ್ಟರಿನ ಫಲಕ ಕಾಣುವುದಿಲ್ಲ. ವಿಮೆಯ ಕಾಗದದಲ್ಲಿ ಟ್ರೇಲರ್ ಸೇರಿದೆಯೇ ಎಂದು ನೋಡಬೇಕು. ಕೃಷಿಗೆಂದು ನೋಂದಾಯಿಸಿದ ಟ್ರ್ಯಾಕ್ಟರಿನಲ್ಲಿ ಬಾಡಿಗೆಗೆ ಮನೆಸಾಮಾನು ಸಾಗಿಸಿದರೆ, ಅಪಘಾತವಾದಾಗ ವಿಮೆಯ ಕಂಪನಿ ತಕರಾರು ತೆಗೆಯುತ್ತದೆ. ಆ ತಕರಾರಿನಲ್ಲಿ ಬಡವನ ಪರಿಹಾರ ವರ್ಷಗಟ್ಟಲೆ ಸಿಕ್ಕಿಬೀಳುತ್ತದೆ.

ಗಡಿಯಲ್ಲಿ ಕೇಳುವ ಕಾಗದಗಳು

ಬಾಡಿಗೆಯ ಸರಕು ವಾಹನದ ಸಂಖ್ಯೆಯ ಫಲಕ ಹಳದಿ, ಅಕ್ಷರ ಕಪ್ಪು. ಬಿಳಿ ಫಲಕದ ಗಾಡಿಯವನು ಎಷ್ಟು ಕಡಿಮೆ ಹೇಳಿದರೂ ಒಪ್ಪಬಾರದು. ಅದು ಬಾಡಿಗೆಗೆ ನೋಂದಣಿಯಾದದ್ದಲ್ಲ.

ರಾಜ್ಯದಿಂದ ರಾಜ್ಯಕ್ಕೆ ಹೋಗುವ ಲಾರಿಗೆ ನ್ಯಾಷನಲ್ ಪರ್ಮಿಟ್ ಇರಬೇಕು, ಅಥವಾ ಆ ರಾಜ್ಯಕ್ಕೆ ಸಲ್ಲುವ ಬೇರೆ ಪರವಾನಗಿ ಇರಬೇಕು. ನ್ಯಾಷನಲ್ ಪರ್ಮಿಟ್ ಇರುವ ಗಾಡಿಯ ಮುಂದೆಯೂ ಹಿಂದೆಯೂ ಆ ಬರಹ ಇರುತ್ತದೆ. ಒಟ್ಟು ತೂಕ ೩,೦೦೦ ಕಿಲೋ ಮೀರದ ಸಣ್ಣ ಟೆಂಪೊಗಳಿಗೆ ಪರವಾನಗಿ ಬೇಡವೆಂದು ೬೬ನೆಯ ಕಲಮು ಹೇಳುತ್ತದೆ. ಆದರೆ ತೆರಿಗೆ ರಾಜ್ಯದ ವಿಷಯವಾದ್ದರಿಂದ ಆ ರಾಜ್ಯದಲ್ಲಿ ಕಟ್ಟಬೇಕಾದದ್ದನ್ನು ಕಟ್ಟಿದ್ದಾನೆಯೇ ಎಂದು ಗಾಡಿಯವನನ್ನು ಮೊದಲೇ ಕೇಳಬೇಕು.

ಊರಿನ ಕಡೆಯಿಂದ ಮಾಲು ತಂದು ಖಾಲಿ ಮರಳುವ ಕರ್ನಾಟಕದ ಲಾರಿಗಳು ಅಗ್ಗಕ್ಕೆ ದೊರೆಯುತ್ತವೆ. ಅವುಗಳ ವಿಷಯದಲ್ಲಿ ಒಂದು ಎಚ್ಚರ ಬೇಕು. ನ್ಯಾಷನಲ್ ಪರ್ಮಿಟ್ಟಿನ ಗಾಡಿ ತನ್ನ ಸ್ವಂತ ರಾಜ್ಯವಲ್ಲದ ಮತ್ತೊಂದು ರಾಜ್ಯದೊಳಗೆ ಒಂದು ಊರಲ್ಲಿ ಹೇರಿ ಇನ್ನೊಂದು ಊರಲ್ಲಿ ಇಳಿಸುವಂತಿಲ್ಲ. ಮುಂಬಯಿಯಲ್ಲಿ ಹೇರಿ ಹುಬ್ಬಳ್ಳಿಯಲ್ಲಿ ಇಳಿಸಬಹುದು. ದಾರಿಯಲ್ಲಿ ಪುಣೆಯ ಅಣ್ಣನ ಮನೆಗೆ ಎರಡು ಪೆಟ್ಟಿಗೆ ಇಳಿಸಿ ಹೋಗೋಣವೆಂದರೆ ಕರ್ನಾಟಕದ ಗಾಡಿಗೆ ಅದು ನಿಯಮಭಂಗ.

ಸಾಮಾನಿನ ಮೇಲಿನ ತೆರಿಗೆಯ ಭಯ ಈಗ ಇಲ್ಲ. ಹಿಂದೆ ನಾಕಾದಲ್ಲಿ ಜಕಾತಿಯವರಿಗೆ ಉತ್ತರ ಹೇಳಬೇಕಾಗುತ್ತಿತ್ತು. ೨೦೧೭ರ ಜುಲೈಯಲ್ಲಿ ಜಿ.ಎಸ್.ಟಿ. ಬಂದ ಮೇಲೆ ವಾಣಿಜ್ಯ ತೆರಿಗೆಯ ತಪಾಸಣಾ ಠಾಣೆಗಳನ್ನು ತೆಗೆದರು. ೨೦೧೮ರಿಂದ ೫೦,೦೦೦ ರೂಪಾಯಿ ಮೀರಿದ ಮಾಲಿಗೆ ಇ-ವೇ ಬಿಲ್ಲು ಬೇಕಾಗಿದೆಯಾದರೂ, ಬಳಸಿದ ಮನೆಸಾಮಾನು ಹಾಗೂ ಸ್ವಂತದ ವಸ್ತುಗಳಿಗೆ ಅದರಿಂದ ವಿನಾಯಿತಿ ಇದೆ. ಆದರೆ ಅವು ಬಳಸಿದವು, ಮಾರಾಟದ ಮಾಲಲ್ಲ ಎಂದು ತೋರಿಸುವ ಪಟ್ಟಿ ಚಾಲಕನ ಕೈಯಲ್ಲಿರಬೇಕು. ಒಂದು ಹಾಳೆಯ ಮೇಲೆ ಎಲ್ಲ ಸಾಮಾನುಗಳ ಹೆಸರು, ಸಂಖ್ಯೆ ಬರೆದು, "ಇವು ನಾವು ಬಳಸಿದ ಮನೆಸಾಮಾನುಗಳು" ಎಂದು ರುಜು ಮಾಡಿ, ವಾಸದ ಗುರುತಿನ ನಕಲು ಲಗತ್ತಿಸಿದರೆ ಸಾಕು. ಹೊಸದಾಗಿ ಕೊಂಡ ವಸ್ತುವಿದ್ದರೆ ಅದರ ಬಿಲ್ಲು ಜೊತೆಗಿರಲಿ.

ಲಾರಿಯಲ್ಲಿ ಸ್ಕೂಟರನ್ನೂ ಒಯ್ಯುವವರು, ಹೊಸ ರಾಜ್ಯದಲ್ಲಿ ಅದನ್ನು ೧೨ ತಿಂಗಳಿಗಿಂತ ಹೆಚ್ಚು ಇರಿಸಿಕೊಳ್ಳುವುದಾದರೆ ಅಲ್ಲಿನ ಸಂಖ್ಯೆ ಪಡೆಯಬೇಕು. ಅದಕ್ಕೆ ಇಲ್ಲಿನ ಆರ್.ಟಿ.ಓ. ಕಚೇರಿಯಿಂದ ೨೮ನೆಯ ಫಾರಮಿನ ನಿರಾಕ್ಷೇಪಣಾ ಪತ್ರ ಬೇಕು. ಹೊರಡುವ ಮೊದಲೇ ಅರ್ಜಿ ಹಾಕುವುದು ಮೇಲು. ಊರಿಗೆ ಹೋದ ಮೇಲೆ ಇದೊಂದಕ್ಕಾಗಿ ಮತ್ತೆ ಇಲ್ಲಿಗೆ ಬರುವ ಖರ್ಚು ಉಳಿಯುತ್ತದೆ.

ಸಾಮಾನಿನ ಮೇಲೆ ಕೂತು ಹೋಗಬೇಡಿ

ರೈಲಿನ ಖರ್ಚು ಉಳಿಯಲೆಂದು ಹೆಂಡತಿ ಮಕ್ಕಳನ್ನು ಸಾಮಾನಿನ ಮೇಲೆ ಕೂರಿಸಿಕೊಂಡು ಹೋಗುವ ರೂಢಿ ನಮ್ಮಲ್ಲಿ ಇನ್ನೂ ಅಳಿದಿಲ್ಲ. ಈ ಒಂದು ಮಾತಿಗಾಗಿಯಾದರೂ ಈ ಲೇಖನವನ್ನು ಓದಬೇಕೆಂದು ನಮ್ಮ ಪ್ರಾರ್ಥನೆ. ಗಾಡಿಯ ವಿಮೆ ಮಾಲಿನ ಒಡೆಯನಿಗೆ ಅಥವಾ ಅವನು ನೇಮಿಸಿದ ಪ್ರತಿನಿಧಿಗೆ ಸಲ್ಲುವಂತೆ ೧೯೯೪ರ ತಿದ್ದುಪಡಿ ಮಾಡಿತು. ಉಳಿದವರಿಗೆ ಅದು ಸಲ್ಲುವುದಿಲ್ಲ. ಸರಕಿನ ಗಾಡಿಯಲ್ಲಿ ಸುಮ್ಮನೆ ಕೂತು ಹೋಗುವವರ ವಿಷಯದಲ್ಲಿ ವಿಮೆಯ ಕಂಪನಿಗೆ ಹೊಣೆಯಿಲ್ಲವೆಂದು ಸುಪ್ರೀಂ ಕೋರ್ಟು ೨೦೦೨ರಲ್ಲಿ ತೀರ್ಪು ಕೊಟ್ಟಿದೆ. ಘಾಟಿಯ ತಿರುವಿನಲ್ಲಿ ಗಂಟು ಜಾರಿದರೆ ಹೋಗುವುದು ಪ್ರಾಣ, ಉಳಿದವರ ಕೈಗೆ ಬರುವುದು ಏನೂ ಇಲ್ಲ. ಮನೆಯ ಯಜಮಾನನೊಬ್ಬ ಚಾಲಕನ ಪಕ್ಕದಲ್ಲಿ ಕೂರಲಿ. ಹೆಂಗಸರು, ಮಕ್ಕಳು, ವೃದ್ಧರು ರೈಲಿಗೋ ಬಸ್ಸಿಗೋ ಹೋಗಲಿ.

ರಸ್ತೆಯ ನಿರ್ಬಂಧ

ಗಾಡಿಯ ಉದ್ದ ದೇಶಕ್ಕೆಲ್ಲ ಒಂದೇ ಎಂದೆವು. ಆದರೆ ಇಂಥ ರಸ್ತೆಯಲ್ಲಿ, ಇಂಥ ಸೇತುವೆಯ ಮೇಲೆ ಇಂಥ ಗಾಡಿ ಹೋಗಕೂಡದೆಂದು ತಡೆಯುವ ಅಧಿಕಾರವನ್ನು ೧೧೫ನೆಯ ಕಲಮು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಮಲೆನಾಡು, ಕರಾವಳಿಗೆ ಹೋಗುವವರಿಗೆ ಇದು ಮುಖ್ಯ. ಆಗುಂಬೆ ಘಾಟಿಯ ಮೊಳಕೈ ತಿರುವುಗಳಲ್ಲಿ ಉದ್ದನೆಯ ಲಾರಿ ಒಂದೇ ಸಲಕ್ಕೆ ತಿರುಗಲಾರದು. ಅಲ್ಲಿ ಭಾರಿ ವಾಹನಗಳನ್ನು ತಡೆದ ಆದೇಶಗಳು ಮಳೆಗಾಲದಲ್ಲಿ ಹಲವು ಬಾರಿ ಹೊರಟಿವೆ. ೨೦೧೯ರ ಭೂಕುಸಿತದ ತರುವಾಯ ಚಾರ್ಮಾಡಿ ಘಾಟಿಯಲ್ಲೂ ಹಾಗೆಯೇ ಆಯಿತು. ಆದ್ದರಿಂದ ಜೂನಿನಿಂದ ಸೆಪ್ಟೆಂಬರಿನ ವರೆಗೆ ಹೋಗುವವರು ಊರಿನವರಿಗೆ ಫೋನು ಮಾಡಿ ದಾರಿ ತೆರೆದಿದೆಯೇ ಎಂದು ಕೇಳಿಕೊಂಡೇ ಬಾಡಿಗೆ ಮಾತಾಡಬೇಕು. ಸುತ್ತುದಾರಿಯಾದರೆ ಬಾಡಿಗೆಯೂ ಏರುತ್ತದೆ. ದೊಡ್ಡ ನಗರಗಳಲ್ಲಿ ಭಾರಿ ವಾಹನಗಳಿಗೆ ವೇಳೆಯ ನಿರ್ಬಂಧವೂ ಉಂಟು. ಚಾಳಿನ ಓಣಿಗೆ ದೊಡ್ಡ ಲಾರಿ ಬಾರದಿದ್ದರೆ ಹಮಾಲರ ಕೂಲಿ ಬೇರೆ ಬೀಳುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಒಂಟಿಯಾಗಿರುವವರಿಗೆ

ಒಂದು ಟ್ರಂಕು, ಒಂದು ಹಾಸಿಗೆ ಇರುವ ಒಬ್ಬಂಟಿಗನಿಗೆ ಲಾರಿಯ ಗೊಡವೆಯೇ ಬೇಡ. ರೈಲಿನಲ್ಲಿಯೂ ಅಳತೆಯ ನಿಯಮ ಉಂಟು. ಡಬ್ಬಿಯೊಳಗೆ ಒಯ್ಯುವ ಟ್ರಂಕು ೧೦೦ ಸೆಂಟಿಮೀಟರ್ ಉದ್ದ, ೬೦ ಅಗಲ, ೨೫ ಎತ್ತರ ಮೀರಕೂಡದು. ಪುಕ್ಕಟೆ ಒಯ್ಯಬಹುದಾದ ತೂಕ ಎರಡನೆಯ ದರ್ಜೆಯಲ್ಲಿ ೩೫ ಕಿಲೋ, ಸ್ಲೀಪರಿನಲ್ಲಿ ೪೦ ಕಿಲೋ. ಇದಕ್ಕೆ ಮೀರಿದ್ದನ್ನು ಸ್ಟೇಷನ್ನಿನ ಪಾರ್ಸಲ್ ಕಚೇರಿಯಲ್ಲಿ ಕೊಟ್ಟು ಅದೇ ಗಾಡಿಯ ಬ್ರೇಕ್‌ವ್ಯಾನಿಗೆ ಹಾಕಿಸಬಹುದು.

ಮುನ್ನಾದಿನ ಮಾಡಬೇಕಾದದ್ದು

ಇಷ್ಟೆಲ್ಲವನ್ನು ನೆನಪಿಡುವುದು ಕಷ್ಟವೆನ್ನುವವರಿಗಾಗಿ ಸಂಗ್ರಹವಾಗಿ ಹೇಳುತ್ತೇವೆ.

೧. ಅತಿ ಉದ್ದನೆಯ ವಸ್ತು ಯಾವುದೆಂದು ಹುಡುಕಿ ಅದನ್ನು ಅಳೆಯಿರಿ. ಗಾಡಿಯ ತೊಟ್ಟಿ ಅದಕ್ಕಿಂತ ಉದ್ದವಿರಲಿ.

೨. ಗಾಡಿಯ ಸಂಖ್ಯೆಯನ್ನು ಮೊದಲೇ ಕೇಳಿಕೊಂಡು ಎಂ-ಪರಿವಾಹನ್ ಎಂಬ ಸರ್ಕಾರಿ ಆ್ಯಪಿನಲ್ಲಿ ನೋಡಿ. ವಿಮೆ, ಫಿಟ್ನೆಸ್ ಮುಗಿದಿದ್ದರೆ ಬೇರೆ ಗಾಡಿ ಹಿಡಿಯಿರಿ.

೩. ನ್ಯಾಷನಲ್ ಪರ್ಮಿಟ್ ಉಂಟೇ, ಹೋಗುವ ರಾಜ್ಯದ ತೆರಿಗೆ ಕಟ್ಟಿದೆಯೇ ಎಂದು ಕೇಳಿ.

೪. ಸಾಮಾನಿನ ಪಟ್ಟಿ ಎರಡು ಪ್ರತಿ ಬರೆದು ಒಂದನ್ನು ಚಾಲಕನಿಗೆ ಕೊಡಿ, ಒಂದು ನಿಮ್ಮ ಬಳಿ ಇರಲಿ.

೫. ದಾರಿಯಲ್ಲಿ ದಂಡ ಬಿದ್ದರೆ ಯಾರು ಕೊಡಬೇಕೆಂಬುದನ್ನು ಬಾಡಿಗೆಯ ಚೀಟಿಯ ಮೇಲೆ ಬರೆಸಿಕೊಳ್ಳಿ. ಬಾಯಿಮಾತು ಗಡಿಯ ತನಕ ಬಾರದು.

೬. ಹಿಂಬಾಗಿಲು ಮುಚ್ಚಿದ ಮೇಲೆ ಗಾಡಿಯ ಸುತ್ತ ಒಂದು ಸಲ ನಡೆದು ನೋಡಿ. ಯಾವುದೂ ಮೈಯಿಂದ ಹೊರಗೆ ಇಣುಕದಿದ್ದರೆ ಹೊರಡಬಹುದು.

ವಾಚನಾಲಯದ ಕಪಾಟಿನಲ್ಲಿ ೩೦ ಮೀಟರಿನ ಅಳತೆ ಟೇಪು ಇರಿಸಿದ್ದೇವೆ. ಬೇಕಾದವರು ಹೆಸರು ಬರೆದು ಒಯ್ದು, ಮರುದಿನ ತಪ್ಪದೆ ತಂದುಕೊಡಬೇಕಾಗಿ ವಿನಂತಿ. ಸಾಮಾನಿನ ಪಟ್ಟಿಯನ್ನು ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಬರೆಸಬೇಕಾದವರು ಆದಿತ್ಯವಾರ ಬೆಳಿಗ್ಗೆ ಬಂದರೆ ನಾವು ಬರೆದುಕೊಡುತ್ತೇವೆ.